ಎಳೆ ಜೋಳದ ವಿಷ ಯಾರಿಗಾಗಿ?

ಮುಂಗಾರು ಒಂದೆರಡು ಹದ ಮಳೆ ಸುರಿಸಿ ಕೈಕೊಟ್ಟ ವರ್ಷ, ಎಳೆ ಜೋಳ ಮೇಯ್ದ ದನಗಳು ಸತ್ತ ಸುದ್ದಿ ಉತ್ತರ ಕರ್ನಾಟಕಕ್ಕೆ ಹೊಸತೇನಲ್ಲ. ಮೊಣಕಾಲುದ್ದ ಬೆಳೆದು ಬಾಡಿ ನಿಂತ ಪೈರಿಗೆ ಹಸಿದ ಎತ್ತು ಬಾಯಿ ಹಾಕುತ್ತದೆ. ಸ್ವಲ್ಪ ಹೊತ್ತಿನಲ್ಲೇ ಏದುಸಿರು, ಜೊಲ್ಲು, ನಡುಕ, ನಿಂತಲ್ಲೇ ಕುಸಿಯುತ್ತದೆ. ಅದರ ರಕ್ತ ಮಾತ್ರ ಹೊಳೆಯುವ ಕೆಂಪು. ಆಮ್ಲಜನಕ ರಕ್ತದಲ್ಲಿದ್ದರೂ ಜೀವಕೋಶಗಳು ಅದನ್ನು ಬಳಸಿಕೊಳ್ಳಲಾರವು. ಇದು ಸೈನೈಡಿನ ಕೆಲಸ.

ಜೋಳ ಸೈನೈಡನ್ನು ಹಾಗೆಯೇ ಇಟ್ಟುಕೊಂಡಿದ್ದರೆ ಮೊದಲು ಸಾಯಬೇಕಾದದ್ದು ಜೋಳವೇ. ಅದು ಟೈರೋಸಿನ್ ಎಂಬ ಅಮೈನೊ ಆಮ್ಲದಿಂದ ಧುರಿನ್ ಎಂಬ ಸಂಯುಕ್ತ ತಯಾರಿಸಿ ಎಲೆಯ ಹೊರಪದರದ ಕೋಶಗಳಲ್ಲಿ ತುಂಬಿಡುತ್ತದೆ. ಧುರಿನನ್ನು ಒಡೆಯುವ ಕಿಣ್ವ ಇರುವುದು ಒಳಗಿನ ಪದರದಲ್ಲಿ. ದನ ಅಗಿದಾಗ ಎರಡೂ ಕಲೆತು ಸೈನೈಡ್ ಹೊಮ್ಮುತ್ತದೆ. ಡನ್‌ಸ್ಟನ್ ಮತ್ತು ಹೆನ್ರಿ ಎಂಬ ರಸಾಯನ ವಿಜ್ಞಾನಿಗಳು 1902ರಲ್ಲೇ ಧುರಿನನ್ನು ಗುರುತಿಸಿದ್ದರು.

ಆದರೆ ಬರ ಬಿದ್ದಾಗಲೇ ಇದು ಏಕೆ ಹೆಚ್ಚಬೇಕು? ಗಿಡಗಳ ರಾಸಾಯನಿಕಗಳನ್ನೆಲ್ಲ ಆಯುಧವೆಂದೇ ಬಣ್ಣಿಸುವುದು ನಮಗೆ ರೂಢಿ. ಜೋಳದ ಮಟ್ಟಿಗೆ ಅದು ಅರ್ಧ ಸತ್ಯವೆಂದೇ ನನ್ನ ಎಣಿಕೆ. ನೀರಿಲ್ಲದೆ ಬೆಳವಣಿಗೆ ನಿಂತಾಗ, ಹೀರಿಕೊಂಡ ಸಾರಜನಕ ಬಳಕೆಯಾಗದೆ ಉಳಿಯುತ್ತದೆ. ಧುರಿನ್‌ನಲ್ಲಿ ಸಾರಜನಕವಿದೆ. ಮತ್ತೆ ಬೇಕಾದಾಗ ಗಿಡ ಬೇರೊಂದು ದಾರಿಯಿಂದ, ಸೈನೈಡ್ ಹೊಮ್ಮದಂತೆಯೇ, ಆ ಸಾರಜನಕವನ್ನು ಬಿಡಿಸಿಕೊಳ್ಳಬಲ್ಲದು. ನಮ್ಮ ಹಿರಿಯರ ಹಗೇವು ನೆನಪಾಗುತ್ತದೆ. ಬರಗಾಲಕ್ಕೆಂದು ಜೋಳ ತುಂಬಿದ ಆ ನೆಲಗುಂಡಿಯ ಬಾಯಿ ತೆರೆದು ಗಾಳಿಯಾಡಲು ಬಿಡದೆ ಒಳಗಿಳಿದವನ ಜೀವಕ್ಕೇ ಕುತ್ತು!

ಧುರಿನ್ ಇಲ್ಲದ ಜೋಳದ ತಳಿಗಳನ್ನೂ ವಿಜ್ಞಾನಿಗಳು ರೂಪಿಸಿದ್ದಾರೆ. ದನಗಳಿಗೆ ಅದು ಕ್ಷೇಮ, ಸಂಶಯವಿಲ್ಲ. ಆದರೆ ಕೀಟ ಬಿದ್ದಾಗ, ಮಳೆ ತಪ್ಪಿದಾಗ ಆ ಪೈರು ಹೇಗೆ ತಾಳಿಕೊಂಡೀತು ಎಂಬುದನ್ನು ನಮ್ಮ ಎರೆಹೊಲಗಳಲ್ಲೇ ನೋಡಿ ಅಳೆಯಬೇಕು, ಅವಸರ ಸಲ್ಲದು.

ಬಲಿತ ಕಾಳಿನಲ್ಲಿ ಧುರಿನ್ ಇಲ್ಲವೆನ್ನುವಷ್ಟು ಕಡಿಮೆ, ರೊಟ್ಟಿ ತಿನ್ನುವವರು ಹೆದರಬೇಕಿಲ್ಲ. ಮೊಳಕೆಯ ಮಾತು ಬೇರೆ. ಮೂರ್ನಾಲ್ಕು ದಿನದ ಮೊಳಕೆಯ ತುದಿಯಲ್ಲಿ ಒಣತೂಕದ ಶೇ 30ರವರೆಗೂ ಧುರಿನ್ ಇರಬಲ್ಲದು. ಆರೋಗ್ಯದ ಹೆಸರಿನಲ್ಲಿ ಕಂಡದ್ದನ್ನೆಲ್ಲ ಮೊಳಕೆ ಬರಿಸಿ ಹಸಿಯಾಗಿ ತಿನ್ನುವವರು ಜೋಳವನ್ನು ಆ ಪಟ್ಟಿಯಿಂದ ಕೈಬಿಡುವುದು ಒಳ್ಳೆಯದು.

ದನ ಕಟ್ಟಿದವರಲ್ಲಿ ಒಂದು ವಿನಂತಿ. ಬಾಡಿದ ಎಳೆ ಪೈರಿಗೂ, ಕೊಯ್ದ ಮೇಲೆ ಮಳೆಗೆ ಚಿಗುರಿದ ಕೂಳೆಗೂ ಹಸಿದ ದನ ಬಿಡಬೇಡಿ. ಯೂರಿಯಾ ಹಾಕಿದ ಹೊಲವಾದರೆ ಇನ್ನೂ ಎಚ್ಚರವಿರಲಿ. ಹೂವಾಡಿದ ಮೇಲೆ ಕೊಯ್ದು, ಚೆನ್ನಾಗಿ ಒಣಗಿಸಿ ಹಾಕಿ. ದನ ನಡುಗತೊಡಗಿದರೆ ಮನೆಮದ್ದಿಗೆ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಸಿ. ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಸಕಾಲಕ್ಕೆ ಸಿಕ್ಕಿದರೆ ದನ ಉಳಿಯಬಹುದು.