ಯಂತ್ರ ಕೂಡಿಸಿದರೆ ಸಾಲದು, ಆರೈಕೆಯೂ ಬೇಕು

ಅಕ್ಕೋಳದ ನನ್ನ ಚಿಕಿತ್ಸಾಲಯಕ್ಕೆ ಬರುವ ಹಿರಿಯರೊಬ್ಬರು ಶ್ರವಣಶಕ್ತಿಯನ್ನು ಪೂರ್ಣವಾಗಿ ಕಳೆದುಕೊಂಡು, ಹೊಲದ ಒಂದು ಭಾಗವನ್ನು ಮಾರಿ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಎರಡು ವರ್ಷಗಳ ತರುವಾಯ ಯಂತ್ರದ ಹೊರಭಾಗ ಕಪಾಟು ಸೇರಿತ್ತು. "ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ" ಎಂದು ಅವರು ಮೊದಲೇ ಹೇಳಿದ್ದರು. ಕ್ರಮೇಣ ರೂಢಿಯಾಗುತ್ತದೆಂದು ಹೇಳಿ ಕಳುಹಿಸಿದವನು ನಾನೇ. ಆ ತಪ್ಪಿನ ಅರಿವೇ ಈ ಬರಹಕ್ಕೆ ಕಾರಣ.

ಈ ಯಂತ್ರವು ಒಳಗಿವಿಯ ಶಂಖದಲ್ಲಿ ಇರಿಸಿದ ವಿದ್ಯುದಗ್ರಗಳ ಮೂಲಕ ಶ್ರವಣನರವನ್ನು ನೇರವಾಗಿ ಪ್ರಚೋದಿಸುತ್ತದೆ. ಯಾವ ಅಗ್ರಕ್ಕೆ ಎಷ್ಟು ವಿದ್ಯುತ್ತೆಂಬುದನ್ನು ವ್ಯಕ್ತಿಗನುಗುಣವಾಗಿ ಹೊಂದಿಸಬೇಕು. ಇದಕ್ಕೆ 'ಮ್ಯಾಪಿಂಗ್' ಎನ್ನುತ್ತಾರೆ. ಮೊದಲ ತಿಂಗಳುಗಳಲ್ಲಿ ಇದು ಪದೇಪದೇ ಬೇಕು, ಮುಂದೆಯೂ ಆಗಾಗ ಬೇಕು. ಔಷಧಕ್ಕೆ ಪಥ್ಯವಿದ್ದಂತೆ ಯಂತ್ರಕ್ಕೆ ಮರುಪರೀಕ್ಷೆ. ನಮ್ಮ ಕರ್ಣಪೂರಣವು ಇದಕ್ಕೆ ಪರ್ಯಾಯವಲ್ಲವೆಂಬುದನ್ನು ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ.

ಆದರೆ ಪ್ರತಿ ಸಲವೂ ದೂರದ ನಗರಕ್ಕೆ ಹೋಗುವುದು ಹೇಗೆ? ರೋಗಿಯ ಜೊತೆಗೆ ಬರುವವರ ಕೂಲಿಯೂ ಕಳೆಯುತ್ತದೆ. ಮಕ್ಕಳಿಗಾದರೂ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯ ನೆರವಿದೆ. ವಯಸ್ಕರ ಪಾಡನ್ನು ಕೇಳುವವರು ವಿರಳ.

ದೂರದಿಂದಲೇ ಯಂತ್ರ ಹೊಂದಿಸುವುದು ಇಂದು ಸಾಧ್ಯವಿದೆ. 2017ರ ನವೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಒಂದು ಇಂಪ್ಲಾಂಟ್ ವ್ಯವಸ್ಥೆಗೆ, ಆರು ತಿಂಗಳ ಬಳಕೆಯ ಅನುಭವವುಳ್ಳ 12 ವರ್ಷ ಮೀರಿದವರಿಗಾಗಿ, ಇದಕ್ಕೆ ಅನುಮತಿ ನೀಡಿತು. ನಮ್ಮಲ್ಲಿಯೂ 2020ರ ಮಾರ್ಚ್‌ನಲ್ಲಿ ದೂರವೈದ್ಯಕೀಯದ ಮಾರ್ಗಸೂಚಿಗಳು ಬಂದಿವೆ. ನಿಪ್ಪಾಣಿ, ಚಿಕ್ಕೋಡಿಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಸದ್ದಿಲ್ಲದ ಒಂದು ಕೋಣೆ, ಭರವಸೆಯ ಅಂತರ್ಜಾಲ, ತರಬೇತಿ ಪಡೆದ ಒಬ್ಬ ಸಹಾಯಕ ಇರಲೆಂಬುದು ನನ್ನ ಆಗ್ರಹ.

ಇದರಲ್ಲಿ ಎರಡು ಎಚ್ಚರಗಳು ಅಗತ್ಯ. ಕಿವಿ ಕೇಳದವರಿಗೆ ಫೋನ್ ಕರೆ ಮಾಡಿ ವಿಚಾರಿಸುವುದು ವಿಚಾರಣೆಯೇ ಅಲ್ಲ. ಬರಹದ ಸಂದೇಶ, ಮುಖ ಕಾಣುವ ವಿಡಿಯೋ ಬೇಕು. ಮಾತಿನ ಪರೀಕ್ಷೆ ರೋಗಿಯ ಮನೆಮಾತಿನಲ್ಲಿ ನಡೆಯಬೇಕು. ಈ ಗಡಿನಾಡಿನಲ್ಲಿ ಅದು ಕನ್ನಡವೂ ಆಗಬಹುದು, ಮರಾಠಿಯೂ ಆಗಬಹುದು. ಕಿವಿಯ ಹಿಂದೆ ಕೆಂಪು, ಬಾವು, ನೋವು, ಜ್ವರ, ತಲೆಸುತ್ತು ಅಥವಾ ಹಠಾತ್ತನೆ ಸದ್ದು ನಿಂತದ್ದು ಕಂಡರೆ ಮಾತ್ರ ತಡಮಾಡದೆ ಶಸ್ತ್ರಚಿಕಿತ್ಸಕರನ್ನೇ ಕಾಣಬೇಕು.

ಆ ಹಿರಿಯರನ್ನು ಕೊನೆಗೆ ಮಗ ನಗರಕ್ಕೆ ಕರೆದೊಯ್ದು ಯಂತ್ರವನ್ನು ಮರುಹೊಂದಿಸಿದರು. ಈಗಲೂ ಸಂತೆಯ ಗದ್ದಲದಲ್ಲಿ ಅವರಿಗೆ ಮಾತು ತಿಳಿಯದು; ಪಡಸಾಲೆಯಲ್ಲಿ ಎದುರು ಕುಳಿತವರ ಮಾತು ತಿಳಿಯುತ್ತದೆ. ಕಪಾಟಿನಲ್ಲಿ ಕಳೆದ ಆ ಎರಡು ವರ್ಷಗಳು ಇನ್ನೊಬ್ಬರಿಗೆ ಬರಬಾರದು. ನಿಮ್ಮ ಮನೆಯಲ್ಲಿ ಇಂಥ ಯಂತ್ರ ಮೂಲೆ ಸೇರಿದ್ದರೆ, ಅದು ವಿಫಲವಾಯಿತೆಂದು ತಿಳಿಯುವ ಮುನ್ನ ಶ್ರವಣತಜ್ಞರಿಗೊಮ್ಮೆ ತೋರಿಸಿರಿ.