19ಕ್ಕೆ ಕೀಲಿ ಹಾಕಬ್ಯಾಡ್ರಿ!

19ನೇ ನಂಬರಿನ ಅಂಗಿ ತೊಟ್ಟವರಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು? ನಮ್ಮ ಹುಬ್ಬಳ್ಳಿ ಮಂದಿಗೆ ಇದೊಂದು ಪ್ರಶ್ನೆಯೇ ಅಲ್ಲ. ದ್ರಾವಿಡ್! ನನ್ನದೂ ಅದೇ ಉತ್ತರ. ಬಾರ್ಸಿಲೋನಾದಲ್ಲಿ 10 ಸಿಗೋ ಮುಂಚೆ ಮೆಸ್ಸಿಯೂ 19 ತೊಟ್ಟಿದ್ದ, ಇರಲಿ ಬಿಡಿ :)

ಜಗಳ ಇರೋದು ಮುಂದಿನ ಮಾತಿಗೆ. 2017ರಲ್ಲಿ ಶಾರ್ದೂಲ್ ಠಾಕೂರ್ ಸಚಿನ್‌ರ 10 ತೊಟ್ಟು ಆಡಿದಾಗ ಎಷ್ಟೊಂದು ಕೂಗಾಟ! ಆಮೇಲೆ ಆ 10 ಪೆಟ್ಟಿಗೆ ಸೇರಿತು. ಉಮೇಶ್ ಯಾದವ್ 19 ತೊಟ್ಟು ಬೌಲಿಂಗ್ ಮಾಡಿದಾಗ ಮಾತ್ರ ಯಾರೂ ಕೆಮ್ಮಲಿಲ್ಲ. "ಕನ್ನಡಿಗ ಅಂದ್ರ ಇಷ್ಟ ನೋಡ್ರಿ ಕಿಮ್ಮತ್ತು! 19ನೂ ಯಾರಿಗೂ ಕೊಡಬಾರದು" ಅಂತಾರೆ ಗೆಳೆಯರು.

ನಾನು ಒಪ್ಪಲ್ಲ. ನಂಬರಿಗೆ ಕೀಲಿ ಜಡಿಯೋದು ಅಮೆರಿಕದ ಬ್ಯಾಸ್ಕೆಟ್‌ಬಾಲಿನವರ ರೂಢಿ. 1994ರಲ್ಲಿ ಶಿಕಾಗೋ ಬುಲ್ಸ್ ಜೋರ್ಡಾನ್‌ನ 23ಕ್ಕೆ ಕೀಲಿ ಹಾಕಿತು. ಮರುವರ್ಷ ಮತ್ತೆ ಆಡಲು ಬಂದ ಜೋರ್ಡಾನ್ ಮೊದಲು 45 ತೊಟ್ಟು, ಕೊನೆಗೆ ಆ ಕೀಲಿ ತಾನೇ ಮುರಿದ!

ಇನ್ನು ದ್ರಾವಿಡ್ ಟೆಸ್ಟ್‌ನಲ್ಲಿ ಹೊಡೆದ 13 ಸಾವಿರಕ್ಕೂ ಹೆಚ್ಚು ರನ್ ಬಂದಿದ್ದು ನಂಬರೇ ಇಲ್ಲದ ಬಿಳಿ ಅಂಗಿಯಲ್ಲಿ. ಟೆಸ್ಟ್ ಅಂಗಿಗೆ ನಂಬರ್ ಬಂದಿದ್ದೇ 2019ರಲ್ಲಿ. ಬ್ಯಾಟ್ ಕೆಳಗಿಟ್ಟ ಮೇಲೆ ಅವರು ಮಾಡಿದ್ದೇನು? 19ರೊಳಗಿನ ಹುಡುಗರನ್ನು ತಯಾರು ಮಾಡಿ 2018ರಲ್ಲಿ ವಿಶ್ವಕಪ್ ಗೆಲ್ಲಿಸಿದರು. ಅದು ನಿಜವಾದ 19!

ಗದಗಿನ ಸುನೀಲ್ ಜೋಶಿ ಹುಡುಗರಿದ್ದಾಗ ನಸುಕಿನಲ್ಲೆದ್ದು ಪ್ರಾಕ್ಟೀಸಿಗೆ ಹುಬ್ಬಳ್ಳಿಗೆ ಬಂದು, ಮತ್ತೆ ಶಾಲೆಗೆ ಓಡುತ್ತಿದ್ದರು. ಅಂಥ ಹುಡುಗರಿಗೆ ತಮ್ಮೂರಲ್ಲೇ ಒಂದು ಒಳ್ಳೆ ಮೈದಾನ ಕೊಡಿ ಅಂತ ಕೂಗಾಡೋಣ. 19 ತೊಡೋ ಆಸೆಯೂ ಅವರಿಗಿರಲಿ. ದ್ರಾವಿಡ್‌ಗೆ ಗೌರವ ಅಂದ್ರೆ ಅದು.

ಏನಂತೀರಿ?