ಕೇಳುಗರು ಬೇಲಿಯಾಚೆ ಉಳಿಯುವ ಮುನ್ನ

ಮೈಸೂರು ದಸರಾ ನಾಡಹಬ್ಬ. ಅದರ ಖರ್ಚಿನಲ್ಲಿ ಈ ನಾಡಿನ ತೆರಿಗೆದಾರರ ಹಣವಿದೆ. ಅದರ ಅಂಗವಾಗಿ ಮಹಾರಾಜ ಕಾಲೇಜು ಮೈದಾನದಲ್ಲಿ ನಡೆಯುತ್ತಿದ್ದ ಯುವ ದಸರಾ 2024ರಲ್ಲಿ ನಗರದ ಹೊರವಲಯದ ಉತ್ತನಹಳ್ಳಿಗೆ ಹೋಯಿತು. ಇಳಯರಾಜ, ಎ.ಆರ್. ರೆಹಮಾನ್, ಶ್ರೇಯಾ ಘೋಷಾಲ್ ಬಂದರು. ಅವರೊಂದಿಗೆ ಟಿಕೆಟ್ಟೂ ಬಂತು: ವೇದಿಕೆಗೆ ಹತ್ತಿರದ ಆಸನಗಳಿಗೆ ₹8,000, ಅದರ ಹಿಂದಿನವಕ್ಕೆ ₹5,000. ದುಡ್ಡು ಕೊಡಲಾಗದವರಿಗೆ ಅವೆರಡರ ಹಿಂದೆ ಉಚಿತ ಜಾಗ. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ ₹349 ಇತ್ತು. ಮುಂದಿನ ಸಾಲಿನಲ್ಲಿ ಕೂತು ಒಂದು ಸಂಜೆ ಹಾಡು ಕೇಳಲು ಕೂಲಿಕಾರ ಮಹಿಳೆಯೊಬ್ಬಳು ಸುಮಾರು 23 ದಿನ ದುಡಿಯಬೇಕಿತ್ತು. ಮರುವರ್ಷವೂ ಟಿಕೆಟ್ ಪದ್ಧತಿ ಮುಂದುವರಿಯಿತು. ಇನ್ನೆರಡು ವರ್ಷ ಕಳೆದರೆ ಇದು ಮೊದಲಿಂದಲೂ ಹೀಗೇ ಇತ್ತು ಎಂಬಂತಾಗುತ್ತದೆ. ಎಚ್ಚರಿಕೆ ಹೇಳಬೇಕಾದದ್ದು ಈಗಲೇ.

ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಸಂಗೀತದ ಮಾತೇಕೆ ಎಂದು ಕೇಳುವವರಿದ್ದಾರೆ. ಕಾಲ ಕಷ್ಟದ್ದು ಎಂಬುದು ನಿಜ. 2025ರ ಜನವರಿಯಲ್ಲಿ ಸರ್ಕಾರಿ ಬಸ್ ಪ್ರಯಾಣದರ ಶೇ 15ರಷ್ಟು ಏರಿತು. ಫೆಬ್ರುವರಿಯಲ್ಲಿ ನಮ್ಮ ಮೆಟ್ರೊ ಗರಿಷ್ಠ ದರ ₹60ರಿಂದ ₹90ಕ್ಕೆ ಹೋಯಿತು. ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ ₹4 ಹೆಚ್ಚಾಯಿತು. ಸಣ್ಣ ಸಾಲ ವಸೂಲಿಯ ಕಿರುಕುಳ ತಡೆಯಲು ಅದೇ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಇಂಥ ಹೊತ್ತಿನಲ್ಲಿ ಮನೆಯ ಲೆಕ್ಕದಿಂದ ಮೊದಲು ಹೊಡೆದುಹಾಕುವ ಖರ್ಚು ಹಾಡು, ನಾಟಕ, ಸಿನಿಮಾದ್ದು. ಆದ್ದರಿಂದಲೇ ಸಾರ್ವಜನಿಕ ವೇದಿಕೆಗಳು ಬಾಗಿಲನ್ನು ಇನ್ನಷ್ಟು ಅಗಲ ಮಾಡಬೇಕಾದ ಕಾಲವಿದು. ಆಗುತ್ತಿರುವುದು ಅದಕ್ಕೆ ತದ್ವಿರುದ್ಧ.

ಖಾಸಗಿ ಕಾರ್ಯಕ್ರಮಗಳ ಸ್ಥಿತಿ ಇನ್ನೂ ಸ್ಪಷ್ಟ. 2024ರ ಸೆಪ್ಟೆಂಬರ್‌ನಲ್ಲಿ ಕೋಲ್ಡ್‌ಪ್ಲೇ ತಂಡದ ಮುಂಬೈ ಕಾರ್ಯಕ್ರಮಗಳ ಟಿಕೆಟ್ ಮಾರಾಟ ಆರಂಭವಾದಾಗ 1.3 ಕೋಟಿ ಜನ ಬುಕ್‌ಮೈಶೋಗೆ ಮುಗಿಬಿದ್ದಿದ್ದರು. ₹2,500ರಿಂದ ₹35,000ರವರೆಗಿದ್ದ ಟಿಕೆಟ್‌ಗಳು ಕೆಲವೇ ಹೊತ್ತಿನಲ್ಲಿ ಮರುಮಾರಾಟದ ತಾಣಗಳಲ್ಲಿ ಲಕ್ಷಗಳ ಲೆಕ್ಕದಲ್ಲಿ ಕಾಣಿಸಿಕೊಂಡವು. ಜಾರಿ ನಿರ್ದೇಶನಾಲಯ ದಾಳಿಗೆ ಇಳಿಯುವ ಮಟ್ಟಿಗೆ ಕಾಳಸಂತೆ ಬೆಳೆಯಿತು. ಕಾಳಸಂತೆಯ ಜೊತೆಗೆ ಟಿಕೆಟ್ ಹಣವನ್ನು ಕಂತಿನಲ್ಲಿ ಕಟ್ಟುವ ಪದ್ಧತಿಯೂ ಇದೆ. ಅಮೆರಿಕದ ಕೋಚೆಲ್ಲಾ ಉತ್ಸವದ ಸಾಮಾನ್ಯ ದರ್ಜೆಯ ಟಿಕೆಟ್ ಕೊಂಡವರಲ್ಲಿ 2025ರಲ್ಲಿ ಸುಮಾರು ಶೇ 60ರಷ್ಟು ಮಂದಿ ಕಂತಿನಲ್ಲಿ ಹಣ ಕಟ್ಟಿದರೆಂದು ವರದಿಯಾಗಿದೆ. ನಮ್ಮ ದೊಡ್ಡ ಸಂಗೀತೋತ್ಸವಗಳೂ ಇಎಂಐ ಆಸೆ ತೋರಿಸತೊಡಗಿವೆ. ಫ್ರಿಜ್ಜು, ಮೊಬೈಲು ಕಂತಿನಲ್ಲಿ ಕೊಂಡರೆ ವಸ್ತುವಾದರೂ ಮನೆಯಲ್ಲಿರುತ್ತದೆ. ಹಾಡು ಮುಗಿದ ಮೇಲೂ ತಿಂಗಳುಗಟ್ಟಲೆ ಸಾಲ ತೀರಿಸುವ ರೂಢಿ ಇಪ್ಪತ್ತರ ಹರೆಯದವರಲ್ಲಿ ಬೇರೂರುವುದು ಒಳ್ಳೆಯ ಲಕ್ಷಣವಲ್ಲ.

ಖಾಸಗಿಯವರು ತಮ್ಮ ಬಂಡವಾಳ ಹಾಕಿ ನಡೆಸುವ ಕಾರ್ಯಕ್ರಮಕ್ಕೆ ಬೆಲೆ ಕಟ್ಟುವುದು ಅವರ ವ್ಯಾಪಾರ. ಕಲಾವಿದರಿಗೆ ಸಂಭಾವನೆ ಸಿಗಬೇಕು. ಧ್ವನಿ, ಬೆಳಕಿನವರಿಗೆ ಕೂಲಿ ಸಿಗಬೇಕು. ಟಿಕೆಟ್ಟೇ ಬೇಡ ಎನ್ನುವುದು ಈ ಪತ್ರಿಕೆಯ ನಿಲುವಲ್ಲ. ಆದರೆ ಸರ್ಕಾರವೂ ಅದೇ ಲೆಕ್ಕ ಹಿಡಿದರೆ, ದುಡ್ಡಿಲ್ಲದವರು ಹಾಡು ಕೇಳುವುದಾದರೂ ಎಲ್ಲಿ?

ಈ ನಾಡಿನ ಸಂಗೀತ ಬೆಳೆದದ್ದೇ ದುಡ್ಡಿಲ್ಲದ ಕಿವಿಗಳಿಂದ. ಗದುಗಿನ ಬಾಲಕ ಭೀಮಸೇನ ಜೋಶಿ ಅಂಗಡಿಯಲ್ಲಿ ಹಾಕಿದ್ದ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಓಡಿದ ಕಥೆ ಎಲ್ಲರಿಗೂ ಗೊತ್ತು. ಆ ಅಂಗಡಿಯ ಮುಂದೆ ಪ್ರವೇಶ ಶುಲ್ಕವಿರಲಿಲ್ಲ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಹುಟ್ಟಿದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳನ್ನು ಚಪ್ಪರದ ಒಳಗೆ ಕೂತು ಕೇಳಿದವರಷ್ಟೇ ಮನಸ್ಸಿಟ್ಟು, ರಸ್ತೆಯಲ್ಲಿ ನಿಂತು ಧ್ವನಿವರ್ಧಕದಲ್ಲಿ ಕೇಳಿದವರೂ ಇದ್ದಾರೆ. ಮೈಸೂರಿನ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನಲ್ಲಿ ಗಣಪತಿ ಹಬ್ಬಕ್ಕೆ ಬೀದಿಯೇ ಸಭಾಂಗಣ. ಹೆಸರಾಂತ ವಿದ್ವಾಂಸರು ಅಲ್ಲಿ ಹಾಡುತ್ತಾರೆ. ಯಾರು ಬೇಕಾದರೂ ಕೂತು ಕೇಳಬಹುದು. ತಾಳ ಹಾಕುವುದನ್ನು ಮಗು ಪಕ್ಕದಲ್ಲಿ ಕೂತ ಅಪರಿಚಿತ ಅಜ್ಜನಿಂದ ಕಲಿಯುವುದು ಇಂಥ ಕಡೆಯೇ. ಮುಂದಿನ ಪೀಳಿಗೆಯ ಗಾಯಕರು, ಅದಕ್ಕಿಂತ ಮುಖ್ಯವಾಗಿ ಮುಂದಿನ ಪೀಳಿಗೆಯ ಕೇಳುಗರು, ಹುಟ್ಟುವುದೂ ಇಲ್ಲೇ. ಕೇಳುಗರು ಒಂದೇ ವರ್ಗದವರಾದರೆ ಸಂಘಟಕರು ಆ ವರ್ಗದ ಜೇಬು ಒಪ್ಪುವ ನಾಲ್ಕಾರು ದೊಡ್ಡ ಹೆಸರುಗಳನ್ನಷ್ಟೇ ಕರೆಯುತ್ತಾರೆ. ಆಗ ಮೊದಲು ವೇದಿಕೆ ಕಳೆದುಕೊಳ್ಳುವವರು ಜಿಲ್ಲೆಗಳ ಸಣ್ಣ ಕಲಾವಿದರು.

ತಡೆಯುವ ದಾರಿಗಳು ದೂರದಲ್ಲಿಲ್ಲ. ಮೊದಲನೆಯದಾಗಿ, ತೆರಿಗೆ ಹಣದ ಹಬ್ಬಗಳಲ್ಲಿ ವೇದಿಕೆಯ ಮುಂಭಾಗದ ಒಂದು ಪಾಲನ್ನು ಉಚಿತವಾಗಿ, ವಿದ್ಯಾರ್ಥಿಗಳಿಗೂ ಕೂಲಿ ಕಾರ್ಮಿಕರಿಗೂ ಚೀಟಿ ಎತ್ತಿ ಹಂಚಬೇಕು. ಟಿಕೆಟ್‌ನಿಂದ ಬಂದ ಹಣವೆಷ್ಟು, ಅದು ಎಲ್ಲಿಗೆ ಹೋಯಿತು ಎಂಬ ಲೆಕ್ಕ ಹಬ್ಬ ಮುಗಿದೊಡನೆ ಜನರ ಮುಂದೆ ಬರಬೇಕು. ಎರಡನೆಯದಾಗಿ, ಸಂಗೀತ ಕಾರ್ಯಕ್ರಮದ ₹500ರವರೆಗಿನ ಟಿಕೆಟ್‌ಗೆ ಜಿಎಸ್‌ಟಿ ಇಲ್ಲ; ಅದನ್ನು ದಾಟಿದರೆ ಶೇ 18. ಈ ಮಿತಿ 2018ರಿಂದ ಕದಲಿಲ್ಲ. ಅದನ್ನು ಇಂದಿನ ಬೆಲೆಗಳಿಗೆ ತಕ್ಕಂತೆ ಏರಿಸುವಂತೆ ರಾಜ್ಯವು ಜಿಎಸ್‌ಟಿ ಮಂಡಳಿಯಲ್ಲಿ ಒತ್ತಾಯಿಸಲಿ. ಸರ್ಕಾರಿ ಜಾಗದಲ್ಲಿ ಕಾರ್ಯಕ್ರಮ ನಡೆಸುವ ಕಂಪನಿಗಳು ಒಂದಿಷ್ಟು ಟಿಕೆಟ್‌ಗಳನ್ನು ಆ ಮಿತಿಯೊಳಗೇ ಮಾರಬೇಕೆಂಬ ಷರತ್ತನ್ನು ಅನುಮತಿ ಪತ್ರದಲ್ಲೇ ಹಾಕಲಿ. ಮೂರನೆಯದಾಗಿ, ಮುದ್ರಿತ ಬೆಲೆಗಿಂತ ಹೆಚ್ಚಿಗೆ ಟಿಕೆಟ್ ಮರುಮಾರಾಟ ಮಾಡುವುದನ್ನು ನಿಷೇಧಿಸುವುದಾಗಿ ಬ್ರಿಟನ್ ಸರ್ಕಾರ 2025ರ ನವೆಂಬರ್‌ನಲ್ಲಿ ಘೋಷಿಸಿತು. ಅಲ್ಲಿ ಅಷ್ಟು ಹೊತ್ತಿಗೆ ಹಲವು ವರ್ಷಗಳ ಸುಲಿಗೆ ಆಗಿಹೋಗಿತ್ತು. ಅಂಥ ನಿಷೇಧ ತರಲು ನಾವು ಅಷ್ಟು ಕಾಯಬೇಕಿಲ್ಲ.

ಸಿನಿಮಾ ಟಿಕೆಟ್‌ಗೆ ₹200ರ ಮಿತಿ ಹಾಕಲು 2025ರಲ್ಲಿ ರಾಜ್ಯ ಸರ್ಕಾರ ಮುಂದಾಯಿತು. ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಖಾಸಗಿ ಚಿತ್ರಮಂದಿರಗಳ ಟಿಕೆಟ್ ಬೆಲೆ ಇಳಿಸಲು ಹೊರಟವರಿಗೆ ತಮ್ಮದೇ ಹಬ್ಬದ ಟಿಕೆಟ್ ಬೆಲೆ ಇಳಿಸುವುದಕ್ಕೆ ಯಾವ ನ್ಯಾಯಾಲಯದ ಅಡ್ಡಿಯೂ ಇಲ್ಲ. ಮುಂದಿನ ದಸರಾ ಸಮಿತಿಯ ಮೊದಲ ಸಭೆಯಲ್ಲೇ ಈ ವಿಷಯ ಚರ್ಚೆಗೆ ಬರಲಿ.